ಶಿಲುಬೆ, ಖುರಿಸ್, ಕ್ರಾಸ್: ಒಂದು ಸಣ್ಣ ಪದದ ದೊಡ್ಡ ಪಯಣ

ಸಿಂಧನೂರಿನಿಂದ ಮಸ್ಕಿ ಮಾರ್ಗವಾಗಿ ಲಿಂಗಸುಗೂರಿಗೆ ಹೋಗುವ ಬಸ್ಸು ಹತ್ತಿದವರ ಕಿವಿಗೆ ದಾರಿಯುದ್ದಕ್ಕೂ ಒಂದು ಪದ ಮತ್ತೆ ಮತ್ತೆ ಬೀಳುತ್ತದೆ. "ಕ್ರಾಸ್ ಬಂತ್ರಿ, ಇಳಿಯೋರು ಮುಂದ ಬರ್ರಿ" ಎಂದು ಕಂಡಕ್ಟರ್ ಕೂಗುತ್ತಾರೆ. ಹೆದ್ದಾರಿಯಿಂದ ಒಳಗಿನ ಹಳ್ಳಿಗೆ ದಾರಿ ಕವಲೊಡೆಯುವ ಜಾಗಕ್ಕೆಲ್ಲ ಆ ಹಳ್ಳಿಯ ಹೆಸರಿನೊಂದಿಗೆ 'ಕ್ರಾಸ್' ಎಂಬ ಮಾತು ಅಂಟಿಕೊಂಡಿದೆ. ಅಲ್ಲಿ ಒಂದು ಬೇವಿನ ಮರ, ಒಂದು ಚಹಾದ ಅಂಗಡಿ, ನಾಲ್ಕು ಜನ. ಕ್ರಾಸ್ ಎಂದರೆ ಅಷ್ಟೇ.

ನಮ್ಮ ಕರಾವಳಿಯಿಂದ ಆ ಭಾಗಕ್ಕೆ ಸೇವೆಗೆಂದು ಹೋಗುವವರಿಗೆ ಈ ಪದ ಮೂರು ವೇಷಗಳಲ್ಲಿ ಎದುರಾಗುತ್ತದೆ. ಮನೆಯಲ್ಲಿ ಅಮ್ಮ ಕೊಂಕಣಿಯಲ್ಲಿ ಕಲಿಸಿದ್ದು 'ಖುರಿಸ್'. ಅಲ್ಲಿನ ದೇವಾಲಯದಲ್ಲಿ ಕನ್ನಡದಲ್ಲಿ ಪ್ರಾರ್ಥಿಸುವಾಗ 'ಶಿಲುಬೆ'. ಬಸ್ಸಿನಲ್ಲಿ 'ಕ್ರಾಸ್'. ಧರ್ಮೋಪದೇಶ ತರಗತಿಯ ಮಗುವೊಂದು "ಬಸ್ ನಿಲ್ಲೋ ಕ್ರಾಸಿಗೂ ಗುಡಿಯೊಳಗಿನ ಕ್ರಾಸಿಗೂ ಏನ್ ಸಂಬಂಧ?" ಎಂದು ಕೇಳಿದರೆ ನಾವು ಏನು ಹೇಳಬೇಕು? ಈ ಮೂರರಲ್ಲಿ ಯಾವುದು 'ನಮ್ಮ' ಪದ, ಯಾವುದು 'ಹೊರಗಿನ' ಪದ?

ಉತ್ತರದ ಜಾಡು ಶುಭಸಂದೇಶದಲ್ಲೇ ಇದೆ. ಯೇಸುವಿನ ಶಿಲುಬೆಯ ಮೇಲೆ ಪಿಲಾತನು ಹಾಕಿಸಿದ ಫಲಕದ ಬರಹ ಮೂರು ಭಾಷೆಗಳಲ್ಲಿತ್ತೆಂದು ಸಂತ ಯೊವಾನ್ನರು ತಮ್ಮ ಶುಭಸಂದೇಶದ 19ನೇ ಅಧ್ಯಾಯದಲ್ಲಿ ತಿಳಿಸುತ್ತಾರೆ: ಹಿಬ್ರೂ, ಲತೀನ್ ಮತ್ತು ಗ್ರೀಕ್. ನಾವು ಇಂದು ಆಡುವ ಪದಗಳ ಬೇರುಗಳೂ ಈ ಮೂರು ಭಾಷೆಗಳ ಕಡೆಗೇ ಹೋಗುತ್ತವೆ. ಒಂದೊಂದನ್ನಾಗಿ ನೋಡೋಣ.

ಲತೀನ್: ಬಾಯಲ್ಲಿ ಹೇಳಬಾರದ ಮಾತು

ಕ್ರಾಸ್, ಖುರಿಸ್ ಎರಡಕ್ಕೂ ಮೂಲ ಲತೀನಿನ 'ಕ್ರುಕ್ಸ್'. ರೋಮನರಿಗೆ ಅದು ಆಭರಣವೂ ಅಲ್ಲ, ಪೂಜ್ಯ ಚಿಹ್ನೆಯೂ ಅಲ್ಲ. ಅಪರಾಧಿಯನ್ನು ಏರಿಸಿ ನಿಧಾನವಾಗಿ ಸಾಯಿಸುವ ಮರದ ಕಂಬ ಅಥವಾ ಚೌಕಟ್ಟು. ಮುಖ್ಯವಾಗಿ ಗುಲಾಮರಿಗೂ ದಂಗೆಕೋರರಿಗೂ ಮೀಸಲಾಗಿದ್ದ ಶಿಕ್ಷೆ ಅದು. ಹಿಂಸೆ ಕೊಡುವುದು ಎಂಬ ಅರ್ಥದ ಲತೀನ್ ಕ್ರಿಯಾಪದವೇ ಈ ನಾಮಪದದಿಂದ ಹುಟ್ಟಿತು. ತಾಳಲಾರದ ನೋವಿಗೆ ಇಂಗ್ಲಿಷಿನಲ್ಲಿ 'ಎಕ್ಸ್‌ಕ್ರೂಶಿಯೇಟಿಂಗ್' ಎನ್ನುತ್ತಾರಲ್ಲವೇ? ಅದರ ಹೊಟ್ಟೆಯೊಳಗೂ ಈ ಕ್ರುಕ್ಸ್ ಅಡಗಿದೆ.

ಹಳೆಯ ರೋಮನ್ ನಾಟಕಗಳಲ್ಲಿ ಈ ಪದ ಬೈಗುಳವಾಗಿ ಬರುತ್ತದೆ. ನಮ್ಮಲ್ಲಿ 'ಹಾಳಾಗಿ ಹೋಗು' ಎನ್ನುವ ಕಡೆ ಅವರು 'ಕೆಟ್ಟ ಕ್ರುಕ್ಸಿಗೆ ಹೋಗು' ಎನ್ನುತ್ತಿದ್ದರು. ಪ್ರಸಿದ್ಧ ವಾಗ್ಮಿ ಸಿಸೆರೊ ಕ್ರಿ.ಪೂ. 63ರಲ್ಲಿ ಒಂದು ಮೊಕದ್ದಮೆಯಲ್ಲಿ ವಾದಿಸುತ್ತಾ, ಈ ಶಿಕ್ಷೆ ಮಾತ್ರವಲ್ಲ, ಅದರ ಹೆಸರು ಕೂಡ ರೋಮನ್ ಪ್ರಜೆಯ ಮನಸ್ಸು, ಕಣ್ಣು, ಕಿವಿಗಳಿಂದ ದೂರವಿರಬೇಕು ಎಂಬ ಅರ್ಥದ ಮಾತನಾಡಿದ. ಅಂದರೆ ಸಭ್ಯರು ಆಡಬಾರದ ಮಾತು ಅದು. ಸುಮಾರು ನೂರು ವರ್ಷಗಳ ನಂತರ ಸಂತ ಪೌಲರು ಶಿಲುಬೆಯ ಬಗ್ಗೆಯೇ ಹೆಮ್ಮೆಪಡುತ್ತೇನೆ ಎಂದು ಬರೆದಾಗ ಅದನ್ನು ಕೇಳಿದವರಿಗೆ ಎಷ್ಟು ವಿಚಿತ್ರವೆನಿಸಿರಬೇಕು! ಚಿನ್ನದ ಸರದಲ್ಲಿ ಶಿಲುಬೆ ತೊಡುವ ನಮಗೆ ಆ ಆಘಾತದ ಅರಿವು ಸುಲಭಕ್ಕೆ ಆಗುವುದಿಲ್ಲ.

ಒಂದು ತಾಯಿ, ಹಲವು ಮಕ್ಕಳು

ರೋಮನ್ ಸಾಮ್ರಾಜ್ಯ ಹೋದರೂ ಲತೀನ್ ಭಾಷೆ ಯೂರೋಪಿನ ಬೇರೆ ಬೇರೆ ಕಡೆ ಬೇರೆ ಬೇರೆ ರೂಪ ತಾಳಿ ಉಳಿಯಿತು. ಕ್ರುಕ್ಸ್ ಎಂಬುದು ಇಟಲಿಯವರ ಬಾಯಲ್ಲಿ 'ಕ್ರೋಚೆ', ರೊಮಾನಿಯದವರ ಬಾಯಲ್ಲಿ 'ಕ್ರೂಚೆ', ಫ್ರೆಂಚರಲ್ಲಿ 'ಕ್ರುವಾ' ಆಯಿತು. ಸ್ಪೇನ್ ಮತ್ತು ಪೋರ್ಚುಗಲ್‌ನಲ್ಲಿ ಒಂದೇ ರೀತಿ ಬರೆದರೂ ಉಚ್ಚಾರ ಬೇರೆ. ಲಿಸ್ಬನ್ನಿನವರು ಇಂದು ಅದನ್ನು ಹೆಚ್ಚುಕಡಿಮೆ 'ಕ್ರೂಶ್' ಎನ್ನುತ್ತಾರೆ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ. ಜರ್ಮನರು ಲತೀನಿನಿಂದ ಎರವಲು ಪಡೆದು 'ಕ್ರೊಯ್ಟ್ಸ್' ಮಾಡಿಕೊಂಡರು.

ಇಂಗ್ಲಿಷಿನ ಕಥೆ ಸ್ವಲ್ಪ ಸುತ್ತುದಾರಿಯದು. ಹಳೆಯ ಇಂಗ್ಲಿಷಿನಲ್ಲಿ ಶಿಲುಬೆಗೆ ಸಾಮಾನ್ಯವಾಗಿ 'ರೂಡ್' ಎನ್ನುತ್ತಿದ್ದರು. ಕೋಲು, ಕಂಬ ಎಂದರ್ಥ. ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ 1128ರಲ್ಲಿ ಸ್ಥಾಪನೆಯಾದ ಹೋಲಿರೂಡ್ ಮಠದ ಹೆಸರಿನಲ್ಲಿ ಆ ಪದ ಇನ್ನೂ ಜೀವಂತವಾಗಿದೆ. 'ಕ್ರಾಸ್' ಬಂದದ್ದು ಐರ್ಲೆಂಡಿನಿಂದ. ಐರಿಷ್ ಕ್ರೈಸ್ತರು ಲತೀನ್ ಪದವನ್ನು 'ಕ್ರೊಸ್' ಮಾಡಿಕೊಂಡಿದ್ದರು. ಸಮುದ್ರ ದಾಟಿ ಬಂದ ಉತ್ತರದ ನಾರ್ಸ್ ಜನ ಅದನ್ನು ಅವರಿಂದ ಕಲಿತರು. ನಾರ್ಸ್ ಜನರು ಇಂಗ್ಲೆಂಡಿನಲ್ಲಿ ನೆಲೆಸಿದಾಗ ಪದವೂ ಅಲ್ಲಿ ನೆಲೆಸಿತು. ಸ್ವೀಡನ್, ಡೆನ್ಮಾರ್ಕ್, ನಾರ್ವೆಗಳಲ್ಲಿ ಅದೇ ಪದ ಅಕ್ಷರ ಹಿಂದುಮುಂದಾಗಿ 'ಕೊರ್ಸ್' ಎಂದು ಉಳಿದಿದೆ.

ಪೂರ್ವ ಯೂರೋಪಿನಲ್ಲಿ ಇನ್ನೊಂದು ಬೆಡಗು. ಪೋಲೆಂಡಿನ 'ಕ್ಷಿಶ್', ಕ್ರೊಯೇಷಿಯದ 'ಕ್ರಿಝ್' ಲತೀನಿನ ಕಡೆಯವು. ಆದರೆ ರಷ್ಯನ್ನರ 'ಕ್ರೆಸ್ತ್' ಬಂದದ್ದು ಕ್ರುಕ್ಸಿನಿಂದಲ್ಲ, 'ಕ್ರಿಸ್ತ' ಎಂಬ ಹೆಸರಿನಿಂದಲೇ! ಅವರಿಗೆ ಶಿಲುಬೆಯ ಹೆಸರೂ ಕ್ರಿಸ್ತನ ಹೆಸರೂ ಒಂದಾಗಿಬಿಟ್ಟವು. ರಷ್ಯನ್ ಭಾಷೆಯಲ್ಲಿ ರೈತನಿಗೆ 'ಕ್ರೆಸ್ತ್ಯಾನಿನ್' ಎನ್ನುತ್ತಾರೆ. ಮೂಲದಲ್ಲಿ ಅದರ ಅರ್ಥ 'ಕ್ರೈಸ್ತ' ಎಂದಷ್ಟೇ. ಹೊಲದಲ್ಲಿ ದುಡಿಯುವ ಜನಸಾಮಾನ್ಯನಿಗೆ ಆ ಹೆಸರು ನಿಂತಿತು.

ಮರದಿಂದ ರಸ್ತೆಗೆ, ರಸ್ತೆಯಿಂದ ಬ್ಯಾಂಕಿಗೆ

ಶಿಕ್ಷೆಯ ಮರಕ್ಕೂ ಬಸ್ ನಿಲ್ದಾಣಕ್ಕೂ ನಂಟು ಬೆಳೆದದ್ದು ಹೇಗೆ? ಯೂರೋಪಿನ ಊರುಗಳಲ್ಲಿ ದಾರಿಗಳು ಕೂಡುವಲ್ಲಿ, ಸಂತೆಯ ಬಯಲಿನಲ್ಲಿ ಶಿಲುಬೆ ನೆಡುವ ರೂಢಿಯಿತ್ತು. ನಮ್ಮ ಕರಾವಳಿಯ ಹಳ್ಳಿಗಳಲ್ಲಿ ದಾರಿ ಬದಿಯ ಖುರಿಸ್ ಇರುವ ಹಾಗೆಯೇ. ಕ್ರಮೇಣ ಆ ಜಾಗಕ್ಕೇ ಕ್ರಾಸ್ ಎಂಬ ಹೆಸರು ಬಂದದ್ದುಂಟು. ಲಂಡನ್ನಿನ ಚಾರಿಂಗ್ ಕ್ರಾಸ್ ಇದಕ್ಕೆ ಉದಾಹರಣೆ. ರಾಣಿ ಎಲಿನೋರ್ 1290ರಲ್ಲಿ ತೀರಿಕೊಂಡಾಗ ಅವಳ ಶವಯಾತ್ರೆ ತಂಗಿದ ಜಾಗಗಳಲ್ಲಿ ರಾಜ ಒಂದನೇ ಎಡ್ವರ್ಡ್ ಶಿಲುಬೆಗಳನ್ನು ನಿಲ್ಲಿಸಿದ. ಅದರಲ್ಲಿ ಇದೂ ಒಂದು. ಇನ್ನೊಂದು ಕಡೆ, ಎರಡು ಗೆರೆ ಒಂದನ್ನೊಂದು ಹಾಯುವ ಆಕಾರಕ್ಕೆ ಕ್ರಾಸ್ ಎಂಬ ಅರ್ಥ ಬೆಳೆಯಿತು. ಅದರಿಂದ ಅಡ್ಡ ಹಾಯುವುದು, ದಾಟುವುದು ಎಂಬ ಅರ್ಥಗಳು ಬಂದವು.

ಇಂಗ್ಲಿಷರ ಆಡಳಿತದೊಂದಿಗೆ ಕನ್ನಡಕ್ಕೆ ಬಂದದ್ದು ಈ ಅರ್ಥಗಳ ಮೂಟೆ. ಬೆಂಗಳೂರಿನಲ್ಲಿ ಮೇನ್ ರಸ್ತೆಗೆ ಅಡ್ಡವಾಗಿರುವ ರಸ್ತೆ ಕ್ರಾಸ್. ನಾವು ರಸ್ತೆ ಕ್ರಾಸ್ ಮಾಡುತ್ತೇವೆ. ಬ್ಯಾಂಕಿನವರು ಚೆಕ್ ಕ್ರಾಸ್ ಮಾಡಿ ಕೊಡಿ ಎನ್ನುತ್ತಾರೆ. ಅಲ್ಲಿ ಎಳೆಯುವುದು ಎರಡು ಓರೆ ಗೆರೆ ಮಾತ್ರ, ಶಿಲುಬೆಯ ಆಕಾರವೂ ಇಲ್ಲ. ಕೋರ್ಟಿನ ಪಾಟಿ ಸವಾಲು ಕ್ರಾಸ್. ಎರಡು ತಳಿ ಕೂಡಿಸಿದ ಹಸು ಕ್ರಾಸ್. ಸಿಂಧನೂರು, ಮಸ್ಕಿ, ಲಿಂಗಸುಗೂರುಗಳನ್ನು ಪೋಣಿಸುವ 150ಎ ರಾಷ್ಟ್ರೀಯ ಹೆದ್ದಾರಿ ಬಳ್ಳಾರಿ, ಹಿರಿಯೂರು ದಾಟಿ ಮುಂದೆ ತುಮಕೂರು ಜಿಲ್ಲೆಯಲ್ಲಿ ಕಿಬ್ಬನಹಳ್ಳಿ ಕ್ರಾಸನ್ನು ಹಾಯುತ್ತದೆ. ಜನ ಅದನ್ನು ಕೆ.ಬಿ. ಕ್ರಾಸ್ ಎನ್ನುತ್ತಾರೆ. ಅಲ್ಲಿ ಊರಿನ ಹೆಸರೇ ಅಕ್ಷರಕ್ಕೆ ಇಳಿದು ಕ್ರಾಸ್ ಮಾತ್ರ ಪೂರ್ತಿಯಾಗಿ ಉಳಿದಿದೆ!

ಇನ್ನೂ ಎರಡು ಪದಗಳನ್ನು ಇಲ್ಲಿ ಹೇಳಲೇಬೇಕು. ಸಮುದ್ರದಲ್ಲಿ ಅತ್ತಿತ್ತ ಅಡ್ಡಾಡುವ ಹಡಗಿನ ಓಡಾಟಕ್ಕೆ ಡಚ್ಚರು ತಮ್ಮ ಭಾಷೆಯ ಶಿಲುಬೆಯ ಪದದಿಂದಲೇ ಒಂದು ಕ್ರಿಯಾಪದ ಮಾಡಿಕೊಂಡರು. ಇಂದಿನ 'ಕ್ರೂಸ್' ಹಡಗು ಅದರ ಮಗು. 'ತುಂಬಾ ಕ್ರೂಶಿಯಲ್ ಘಟ್ಟ' ಎಂದು ಕ್ರಿಕೆಟ್ ನೋಡುತ್ತಾ ನಾವು ಆಡುವ ಮಾತಿಗೂ ಇಂಥದೇ ಹಿನ್ನೆಲೆಯಿದೆ. ತತ್ತ್ವಜ್ಞಾನಿ ಫ್ರಾನ್ಸಿಸ್ ಬೇಕನ್ 1620ರಲ್ಲಿ ಪ್ರಕಟಿಸಿದ ತನ್ನ ಲತೀನ್ ಗ್ರಂಥದಲ್ಲಿ, ಎರಡು ವಿವರಣೆಗಳಲ್ಲಿ ಯಾವುದು ಸರಿ ಎಂದು ತೀರ್ಮಾನಿಸಿಕೊಡುವ ಸಾಕ್ಷ್ಯಕ್ಕೆ 'ಕ್ರುಕ್ಸಿನ ಸಾಕ್ಷ್ಯ' ಎಂದು ಹೆಸರಿಟ್ಟ. ದಾರಿ ಕವಲೊಡೆಯುವಲ್ಲಿ ಯಾವ ದಾರಿ ಎಲ್ಲಿಗೆ ಎಂದು ತೋರಿಸಲು ನೆಟ್ಟ ಶಿಲುಬೆಯಾಕಾರದ ಕಂಬವೇ ಅವನ ಮನಸ್ಸಿನಲ್ಲಿದ್ದದ್ದು. ಹಾಗೆ ನೋಡಿದರೆ ಮಸ್ಕಿಯ ಹಾದಿಯಲ್ಲಿ ಕಂಡಕ್ಟರ್ ಕೂಗುವ ಕ್ರಾಸಿಗೂ ಬೇಕನ್ನನ ಕ್ರುಕ್ಸಿಗೂ ಬಹಳ ದೂರವಿಲ್ಲ. ಎರಡೂ 'ಇಲ್ಲಿ ದಾರಿ ಆರಿಸಿಕೋ' ಎನ್ನುತ್ತವೆ.

ಕಡಲ ದಾರಿಯಲ್ಲಿ ಬಂದ ಖುರಿಸ್

ಪೋರ್ಚುಗೀಸ್ ನಾವಿಕ ಕಬ್ರಾಲ್ 1500ರಲ್ಲಿ ಭಾರತಕ್ಕೆ ಹೊರಟವನು ದಾರಿಯಲ್ಲಿ ಇಂದಿನ ಬ್ರೆಜಿಲ್ ನೆಲವನ್ನು ಮುಟ್ಟಿ ಅದಕ್ಕೆ 'ವೆರಾ ಕ್ರೂಜ್', ಅಂದರೆ ನಿಜವಾದ ಶಿಲುಬೆ, ಎಂದು ಹೆಸರಿಟ್ಟ. ಅದೇ ವರ್ಷ ಅವನ ಹಡಗುಗಳು ಕಲ್ಲಿಕೋಟೆಗೆ ಬಂದವು. 1510ರಲ್ಲಿ ಗೋವಾ ಪೋರ್ಚುಗೀಸರ ಕೈಸೇರಿತು. ಅವರ ಪದ ನಮ್ಮ ಕರಾವಳಿಯುದ್ದಕ್ಕೂ ಇಳಿಯಿತು. ಕೊಂಕಣಿಯಲ್ಲಿ 'ಖುರಿಸ್', ಮಲಯಾಳದಲ್ಲಿ 'ಕುರಿಶ್'. 'ಕ್ರ' ಎಂಬ ಒತ್ತಕ್ಷರದ ನಡುವೆ ಒಂದು ಸ್ವರ ಸೇರಿಸಿ ನಾಲಿಗೆಗೆ ಹಗುರ ಮಾಡಿಕೊಂಡದ್ದು ನಮ್ಮವರ ಜಾಣತನ. ಡಿಕ್ರೂಜ್ ಎಂಬ ಮನೆತನದ ಹೆಸರಿನ ಅರ್ಥ 'ಶಿಲುಬೆಯ' ಎಂದು. ಚಾವಿ, ಬಟಾಟೆ, ಪಾದ್ರಿ ಇವೆಲ್ಲ ಅದೇ ಹಡಗಿನಲ್ಲಿ ಬಂದ ಪದಗಳು. ಅವನ್ನು ಯಾರೂ ಈಗ ಪರಕೀಯ ಎನ್ನುವುದಿಲ್ಲ.

ಈ ಪದ ಕರಾವಳಿಯಲ್ಲೇ ನಿಲ್ಲಲಿಲ್ಲ. ಬಂಗಾಳಿಯಲ್ಲೂ ಶಿಲುಬೆಗೆ 'ಕ್ರುಶ್' ಎನ್ನುತ್ತಾರೆ. ಅದೂ ಪೋರ್ಚುಗೀಸರು ಕೊಟ್ಟದ್ದೇ. ಲಿಸ್ಬನ್ನಿನ 'ಕ್ರೂಶ್' ನೆನಪಾಯಿತೇ? ಬಂಗಾಳಕ್ಕೂ ರಾಯಚೂರಿಗೂ ಏನು ಸಂಬಂಧ ಎಂದು ಕೇಳಬೇಡಿ. ಸಿಂಧನೂರಿನ ಬಳಿ ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ನಿರಾಶ್ರಿತರಿಗೆ ಪುನರ್ವಸತಿ ಕಲ್ಪಿಸಿದ ಆರ್.ಎಚ್. ಕ್ಯಾಂಪುಗಳಿವೆ. ಅಲ್ಲಿನ ಬಹುಪಾಲು ಜನ ಹಿಂದೂಗಳು. ಆದರೂ ಅವರ ಭಾಷೆಯಲ್ಲಿ ನಮ್ಮ ಖುರಿಸಿನ ಒಡಹುಟ್ಟು ಇದೆ. ಉಡುಪಿಯ ಅಜ್ಜಿಯ ಪದವೂ ಸಿಂಧನೂರು ಕ್ಯಾಂಪಿನ ಬಂಗಾಳಿ ಅಜ್ಜಿಯ ಪದವೂ ಒಂದೇ ಬಂದರಿನಿಂದ ಹೊರಟವು.

ಶಿಲುಬೆ: ಯೇಸುವಿನ ತಾಯ್ನುಡಿಯ ಕಡೆಯ ನೆಂಟ

ಈಗ ಹಿಬ್ರೂ ಕಡೆಗೆ ಬರೋಣ. 'ಶಿಲುಬೆ' ಅಚ್ಚ ಕನ್ನಡ ಅಥವಾ ಸಂಸ್ಕೃತ ಪದವೆಂದು ಹಲವರು ತಿಳಿದಿದ್ದಾರೆ. 'ಶಿಲೆ'ಗೆ ಸಂಬಂಧ ಕಲ್ಪಿಸುವವರೂ ಇದ್ದಾರೆ. ಅದು ಸರಿಯಲ್ಲ. ಇದರ ಮೂಲ ಸಿರಿಯಾಕ್ ಭಾಷೆಯ 'ಸ್ಲೀಬಾ' ಅಥವಾ 'ಸ್ಲೀವಾ'. ಸಿರಿಯಾಕ್ ಎಂದರೆ ಅರಮಾಯಿಕ್ ಭಾಷೆಯ ಒಂದು ರೂಪ. ಯೇಸು ಮತ್ತು ಅವರ ಶಿಷ್ಯರು ಆಡುತ್ತಿದ್ದದ್ದು ಅರಮಾಯಿಕ್. ಅದು ಹಿಬ್ರೂವಿನ ಅಕ್ಕತಂಗಿ ಭಾಷೆ. ಯೊವಾನ್ನರು 'ಹಿಬ್ರೂ' ಎಂದು ಕರೆದದ್ದು ಯೆಹೂದ್ಯರ ಈ ಆಡುನುಡಿಯನ್ನೇ ಎಂದು ಅನೇಕ ಪಂಡಿತರು ಹೇಳುತ್ತಾರೆ.

ಕೇರಳದ ಸಂತ ತೋಮಾಸರ ಕ್ರೈಸ್ತರು ಪೋರ್ಚುಗೀಸರು ಬರುವುದಕ್ಕೆ ಶತಮಾನಗಳ ಮೊದಲೇ ಸಿರಿಯಾಕ್ ಭಾಷೆಯಲ್ಲಿ ಆರಾಧನೆ ನಡೆಸುತ್ತಿದ್ದರು. ಮಲಯಾಳದಲ್ಲಿ ಇಂದಿಗೂ 'ಕುರಿಶ್' ಜೊತೆಗೆ 'ಸ್ಲೀವಾ' ಪದವೂ ಇದೆ. ತಮಿಳಿನಲ್ಲಿ ಅದು 'ಸಿಲುವೈ', ತೆಲುಗಿನಲ್ಲಿ 'ಸಿಲುವ', ಕನ್ನಡದಲ್ಲಿ 'ಶಿಲುಬೆ'. ಚೆನ್ನೈನ ಸಂತ ತೋಮಾಸರ ಬೆಟ್ಟದಲ್ಲಿ 1547ರಲ್ಲಿ ದೊರೆತ ಕಲ್ಲಿನ ಶಿಲುಬೆಯ ಸುತ್ತ ಇರುವುದು ಪಹ್ಲವಿ ಲಿಪಿಯ ಬರಹ, ಯೂರೋಪಿನದಲ್ಲ. ಪೂರ್ವದ ಕ್ರೈಸ್ತರು ನಮ್ಮ ನೆಲಕ್ಕೆ ಎಷ್ಟು ಹಿಂದೆಯೇ ಬಂದಿದ್ದರು ಎಂಬುದಕ್ಕೆ ಅದು ಸಾಕ್ಷಿ.

ಇದೇ ಬೇರಿನಿಂದ ಅರಬ್ಬಿಯಲ್ಲಿ 'ಸಲೀಬ್' ಇದೆ, ಅಲ್ಲಿಂದ ಉರ್ದುವಿಗೂ ಬಂದಿದೆ. ಲಿಂಗಸುಗೂರು, ಮುದಗಲ್, ಮಸ್ಕಿಗಳಲ್ಲಿ ಉರ್ದು ಮನೆಮಾತಾಗಿರುವ ಕುಟುಂಬಗಳಿವೆ. ಪಕ್ಕದ ಮನೆಯ ಮುಸ್ಲಿಂ ಬಂಧು 'ಸಲೀಬ್' ಎಂದರೂ ತುಂಗಭದ್ರಾ ಕಾಲುವೆಯ ನೀರು ಬಂದ ಮೇಲೆ ಆಂಧ್ರದಿಂದ ಬಂದು ಕ್ಯಾಂಪು ಕಟ್ಟಿಕೊಂಡ ತೆಲುಗು ರೈತರು 'ಸಿಲುವ' ಎಂದರೂ ನಾವು 'ಶಿಲುಬೆ' ಎಂದರೂ ಬೇರು ಒಂದೇ. ಯೂರೋಪಿನ ಯಾವ ಭಾಷೆಯ ಪದಕ್ಕಿಂತಲೂ ಮಸ್ಕಿಯ ಕೂಲಿ ಹೆಣ್ಣುಮಗಳ ಬಾಯಲ್ಲಿರುವ 'ಶಿಲುಬೆ' ಮಾತೆ ಮರಿಯಮ್ಮನವರ ಮನೆಮಾತಿಗೆ ಹತ್ತಿರ. ಕರಾವಳಿಯ ನಾವು ಇದನ್ನು ಸ್ವಲ್ಪ ನಿಂತು ಯೋಚಿಸಬೇಕು.

ಗ್ರೀಕ್ ಮತ್ತು ನಮ್ಮ 'ಸ್ಥಾವರ'

ಉಳಿದದ್ದು ಗ್ರೀಕ್. ಹೊಸ ಒಡಂಬಡಿಕೆ ಬರೆದದ್ದು ಗ್ರೀಕಿನಲ್ಲಿ. ಅಲ್ಲಿ ಶಿಲುಬೆಗೆ ಬಳಸಿರುವುದು 'ಸ್ತೌರೊಸ್'. ಮೂಲಾರ್ಥ ನೆಟ್ಟಗೆ ನಿಲ್ಲಿಸಿದ ಕಂಬ. ಗ್ರೀಸಿನಲ್ಲಿ ಇಂದಿಗೂ ಗಂಡುಮಕ್ಕಳಿಗೆ 'ಸ್ತಾವ್ರೊಸ್' ಎಂದು ಹೆಸರಿಡುತ್ತಾರೆ. ಈ ಪದ ಹಡಗಿನಲ್ಲೋ ಒಂಟೆಯ ಮೇಲೋ ನಮ್ಮಲ್ಲಿಗೆ ಬರಲಿಲ್ಲ. ಆದರೆ ಅದರ ನೆಂಟ ನಮ್ಮಲ್ಲಿ ಮೊದಲೇ ಇದ್ದಾನೆ. 'ಸ್ತೌರೊಸ್' ಹುಟ್ಟಿದ್ದು 'ನಿಲ್ಲು' ಎಂಬ ಅರ್ಥದ ಹಳೆಯ ಬೇರಿನಿಂದ. ಸಂಸ್ಕೃತದ 'ಸ್ಥಾ' ಅದೇ ಬೇರು. ಅದರಿಂದ ಬಂದದ್ದು 'ಸ್ಥಾವರ'. ವಚನಕಾರರು ಸ್ಥಾವರ, ಜಂಗಮಗಳ ಮಾತನ್ನು ಮನೆಮನೆಗೆ ಮುಟ್ಟಿಸಿದ ನಾಡಿನಲ್ಲಿ ಈ ಪದ ಯಾರಿಗೆ ಗೊತ್ತಿಲ್ಲ? ಅರ್ಥ ಬೇರೆ, ಪರಂಪರೆ ಬೇರೆ. ಒಂದನ್ನು ಇನ್ನೊಂದೆಂದು ಹೇಳುವುದು ತಪ್ಪು. ಆದರೆ ಪದಗಳ ಬೇರು ಒಂದು ಎಂಬುದು ನಿಜ.

ಹೀಗೆ ಕಲ್ವಾರಿಯ ಫಲಕದ ಮೂರೂ ಭಾಷೆಗಳ ನೆಂಟರು ಸಿಂಧನೂರು-ಲಿಂಗಸುಗೂರು ಹಾದಿಯಲ್ಲಿ ಸಿಗುತ್ತಾರೆ.

ಮಸ್ಕಿಯ ಬಂಡೆ ಮತ್ತು ಮುದಗಲ್ಲಿನ ದೇವಾಲಯ

ಒಂದೇ ಪದ ಎಷ್ಟು ದೊಡ್ಡ ಕೆಲಸ ಮಾಡಬಲ್ಲದು ಎಂಬುದನ್ನು ಮಸ್ಕಿಯವರಿಗೆ ಹೇಳಿಕೊಡಬೇಕಾಗಿಲ್ಲ. ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್ 1915ರಲ್ಲಿ ಅಲ್ಲಿನ ಬಂಡೆಯ ಮೇಲಿನ ಶಾಸನವನ್ನು ಕಂಡರು. ಅದುವರೆಗೆ ದೊರೆತಿದ್ದ ಶಾಸನಗಳಲ್ಲಿ 'ದೇವಾನಾಂಪ್ರಿಯ' ಎಂಬ ಬಿರುದು ಮಾತ್ರ ಇತ್ತು. ಮಸ್ಕಿಯಲ್ಲಿ ಆ ಬಿರುದಿನ ಜೊತೆ 'ಅಶೋಕ' ಎಂಬ ಹೆಸರೂ ಸಿಕ್ಕಿತು. ಆ ಒಂದು ಪದದಿಂದ ಶಾಸನಗಳ ರಾಜ ಯಾರೆಂಬುದು ದೃಢಪಟ್ಟಿತು. ಅಲ್ಲೊಂದು ಸ್ವಾರಸ್ಯವಿದೆ. ಅಶೋಕನ ಕಾಲದ ಬ್ರಾಹ್ಮೀ ಲಿಪಿಯಲ್ಲಿ 'ಕ' ಅಕ್ಷರ ಕೂಡಿಸುವ ಚಿಹ್ನೆಯಂತೆ ಸರಿಯಾಗಿ ಶಿಲುಬೆಯ ಆಕಾರದಲ್ಲಿದೆ! ಕ್ರಿಸ್ತ ಹುಟ್ಟುವ ಎರಡು ಶತಮಾನಗಳಿಗೂ ಹಿಂದಿನ ಬರಹ ಅದು. ಆಕಾರ ಎಲ್ಲರದು, ಅರ್ಥವನ್ನು ಕೊಡುವುದು ಜನರ ಬದುಕು ಮತ್ತು ವಿಶ್ವಾಸ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಬೇಡ.

ಲಿಂಗಸುಗೂರು ತಾಲೂಕಿನ ಮುದಗಲ್ ಕೋಟೆಗೂ ಮೊಹರಂಗೂ ಹೆಸರಾದ ಊರು. ಅಲ್ಲಿ ಯೇಸುಸಭೆಯವರು 1557ಕ್ಕೆ ಮೊದಲೇ ದೇವಾಲಯ ಕಟ್ಟಿದ್ದರೆಂದು ಗೆಜೆಟಿಯರ್ ದಾಖಲಿಸುತ್ತದೆ. ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ಈ ನೆಲಕ್ಕಾಗಿ ವಿಜಯನಗರದವರೂ ಸುಲ್ತಾನರೂ ತಲೆಮಾರುಗಳ ಕಾಲ ಕಾದಾಡಿದರು. ಅಂಥ ಕಡೆ ಕಥೊಲಿಕ ಸಮುದಾಯವೊಂದು ಬೇರೂರಿತು. ರಾಯಚೂರು ಸೀಮೆಗೆ ನಾವೇ ವಿಶ್ವಾಸವನ್ನು ಹೊತ್ತು ತಂದವರು ಎಂದು ಕರಾವಳಿಯ ಯಾರಾದರೂ ಎಣಿಸಿದ್ದರೆ ಒಮ್ಮೆ ಮುದಗಲ್ಲಿಗೆ ಹೋಗಿ ಬರಲಿ.

ಸೇವೆಯಲ್ಲಿರುವವರಿಗೆ ಒಂದು ಮಾತು

ಪದಗಳ ವಿಚಾರ ಪಂಡಿತರಿಗೆ ಬಿಟ್ಟದ್ದು ಎನಿಸಬಹುದು. ಹಾಗಲ್ಲ. ಹೊಸದಾಗಿ ಹೋದ ಉಪದೇಶಿಯೋ ಶಿಕ್ಷಕಿಯೋ 'ನಮ್ಮಲ್ಲಿ ಹೀಗೆ ಹೇಳುವುದಿಲ್ಲ' ಎಂದು ಜನರ ಪದವನ್ನು ತಿದ್ದಿದ ಕ್ಷಣ, ಅವರ ಪ್ರಾರ್ಥನೆಯೇ ಕಡಿಮೆಯದು ಎಂದು ಹೇಳಿದಂತಾಗುತ್ತದೆ. ತೆಲುಗು ಕ್ಯಾಂಪಿನ ಅಜ್ಜಿ 'ಸಿಲುವ' ಎನ್ನಲಿ, ಶಾಲೆಯ ಮಗು 'ಕ್ರಾಸ್' ಎನ್ನಲಿ, ಕೇಳಿಸಿಕೊಳ್ಳೋಣ. ನಿಮ್ಮ ಧರ್ಮದ ಪದಗಳೆಲ್ಲ ವಿದೇಶಿ ಎಂದು ಯಾರಾದರೂ ಚುಚ್ಚಿದರೆ ಸಿಟ್ಟಾಗಬೇಕಿಲ್ಲ, ನಾಚಬೇಕೂ ಇಲ್ಲ. ಹೌದು, ಪದ ದೂರದಿಂದ ಬಂತು, ಚಾವಿ ಬಂದಂತೆ, ಬಟಾಟೆ ಬಂದಂತೆ. ಬಂದು ನಮ್ಮ ಬಾಯಲ್ಲಿ ನಮ್ಮ ಆಕಾರ ತಾಳಿತು ಎಂದು ಸಮಾಧಾನದಿಂದ ಹೇಳಬಹುದು.

ಇನ್ನೊಂದು ವಿಷಯ. ಪದ ಹಗುರವಾದಷ್ಟೂ ಅದರ ಭಾರ ಮರೆತುಹೋಗುತ್ತದೆ. ಸಿಸೆರೊ ಕೇಳಲೂ ಒಲ್ಲೆನೆಂದ ಮಾತು ಇಂದು ಬಸ್ ಟಿಕೆಟ್ ಕೇಳುವ ಮಾತಾಗಿದೆ. ಅದರಲ್ಲಿ ತಪ್ಪೇನಿಲ್ಲ, ಭಾಷೆ ನಡೆಯುವುದೇ ಹಾಗೆ. ಆದರೆ ತಪಸ್ಸುಕಾಲದ ಶುಕ್ರವಾರ ಶಿಲುಬೆಯ ಹಾದಿ ನಡೆಯುವಾಗ, ಸೆಪ್ಟೆಂಬರ್ 14ರಂದು ಪವಿತ್ರ ಶಿಲುಬೆಯ ಹಬ್ಬ ಆಚರಿಸುವಾಗ, ಇದು ಮೊದಲು ಗುಲಾಮರ ಮರವಾಗಿತ್ತು ಎಂಬುದನ್ನು ಮಕ್ಕಳಿಗೆ ಹೇಳೋಣ. ಇಂದಿಗೂ ಜೀತ, ಸಾಲ, ಗುಳೆಗಳ ಭಾರ ಹೊತ್ತವರ ನಡುವೆ ಸೇವೆ ಮಾಡುವವರಿಗೆ ಆ ಅರ್ಥ ಪುಸ್ತಕದಲ್ಲಿ ಹುಡುಕಬೇಕಾದದ್ದಲ್ಲ.

ಮುಂದಿನ ಬಾರಿ ಆ ಬಸ್ಸಿನಲ್ಲಿ "ಕ್ರಾಸ್ ಬಂತ್ರಿ" ಎಂದು ಕೇಳಿಸಿದಾಗ ಒಮ್ಮೆ ನೆನಪಿಸಿಕೊಳ್ಳಿ. ರೋಮಿನಿಂದ ಐರ್ಲೆಂಡಿಗೆ, ಅಲ್ಲಿಂದ ಇಂಗ್ಲೆಂಡಿಗೆ, ಕಡಲು ದಾಟಿ ರಾಯಚೂರಿನ ಬೇವಿನ ಮರದ ಕೆಳಗೆ ಬಂದು ನಿಂತ ಪದ ಅದು. ಇಳಿದು ಹಳ್ಳಿಯೊಳಗೆ ನಡೆದರೆ ಅಲ್ಲಿ ಅದಕ್ಕಿಂತ ಹತ್ತಿರದ ಹೆಸರು ನಿಮಗಾಗಿ ಕಾದಿರುತ್ತದೆ: ಶಿಲುಬೆ.